ಎರ್ರೆಪ್ಪನ ಚೀಟಿ

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಒಂದು ಗೂಡು. ಆ ಗೂಡಿನಲ್ಲಿ ಮೂವತ್ತೊಂಬತ್ತು ವರ್ಷದಿಂದ ಕೂತು ಶಾಯಿ ಪೆನ್ನು ರಿಪೇರಿ ಮಾಡುತ್ತಿರುವವನೇ ಎರ್ರೆಪ್ಪ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬೀದಿಯವರು ಹೇಳುತ್ತಾರೆ, ಸುಳ್ಳೇನಲ್ಲ. ಬಾಲ್ ಪೆನ್ನು ತಂದು ರೀಫಿಲ್ ಕೇಳಿದವರನ್ನು ಮುಖ ಎತ್ತಿಯೂ ನೋಡದೆ ಮುಂದಕ್ಕೆ ಅಟ್ಟುತ್ತಾನೆ. ನಿಬ್ಬಿನಿಂದ ಡಬ್ಬಿಯ ಮುಚ್ಚಳ ಮೀಟಿದ ವಕೀಲನೊಬ್ಬನಿಗೆ ಅವನು ಬೈದ ಬೈಗುಳ ಜೆರಾಕ್ಸ್ ಅಂಗಡಿಯ ವೀರೇಶನಿಗೆ ಇವತ್ತಿಗೂ ಬಾಯಿಪಾಠ. ಆದರೆ ಆ ಸೋಮವಾರ ಮಧ್ಯಾಹ್ನ ಬೈಸಿಕೊಂಡವನು ಎರ್ರೆಪ್ಪನೇ.

ಬೈದವಳು ಪಂಪಾವತಿ, ಕುರುಗೋಡಿನ ಶಾಲೆಯೊಂದರ ಟೀಚರು. ಉರಿಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಅವನು ನೀರಿನ ತಂಬಿಗೆ ಮುಂದೆ ಸರಿಸಿದರೆ ಅದರ ಕಡೆ ನೋಡದೆ, ಕರಿ ಬಣ್ಣದ ಡಬ್ಬಿಯೊಂದನ್ನು ಅವನ ಎದುರು ಕುಕ್ಕಿದಳು.

"ಎರ್ರೆಪ್ಪ ಅಂದ್ರ ನೀವೇನ್ರಿ?"

"ನಾನೇ. ಏನಾಗೈತಿ ಪೆನ್ನಿಗೆ?"

"ಪೆನ್ನಿಗೇನಾದ್ರ ನನಗೇನ್ರಿ? ನನ್ನ ಮಾನ ಹೋಗೈತಿ. ಈ ವಯಸ್ಸಿನಾಗ ಜನಕ್ಕ ಟೋಪಿ ಹಾಕಾಕ ನಾಚಿಕಿ ಆಗಂಗಿಲ್ಲೇನ್ರಿ ನಿಮಗ?"

ಎರ್ರೆಪ್ಪನ ಮೈಯೆಲ್ಲ ಉರಿದುಹೋಯಿತು. ಟೋಪಿಯಂತೆ! ಅವನು ಹುಟ್ಟಿದಾಗಿನಿಂದ ಒಂದೇ ಒಂದು ಪೆನ್ನು ಮಾರಿದವನಲ್ಲ. "ಬಾಯಿ ಬಿಗಿ ಹಿಡ್ದು ಮಾತಾಡ್ರಿ ಟೀಚರಮ್ಮ. ನಾನು ರಿಪೇರಿ ಮಾಡಾಂವ, ಮಾರಾಂವ ಅಲ್ಲ. ಯಾವ ಅಂಗಡ್ಯಾಗ ತಗಂಡ್ರೋ ಅಲ್ಲಿ ಹೋಗಿ ಒದರ್ರಿ" ಅಂದ.

ಅವಳು ಡಬ್ಬಿ ತೆಗೆದು, ಅದರೊಳಗಿದ್ದ ನಾಲ್ಕು ಬೆರಳಗಲದ ಚೀಟಿಯೊಂದನ್ನು ಅವನ ಕನ್ನಡಕದ ಹತ್ತಿರ ಹಿಡಿದಳು. 'ಬರೆದು ನೋಡಿದ್ದೇನೆ. ನಿಬ್ಬು ಚೆನ್ನಾಗಿ ಓಡುತ್ತದೆ. ಎರ್ರೆಪ್ಪ, ಬಳ್ಳಾರಿ.' ಕೆಳಗೆ ಸಹಿ, ಪಕ್ಕದಲ್ಲಿ ತಾರೀಖು. ಅಕ್ಷರ ಅವನದು. ಸಹಿ ಅವನದು.

ಈ ಚೀಟಿಯ ವಿಷಯ ಹೇಳಲೇಬೇಕು. ಎರ್ರೆಪ್ಪ ಕೆಲಸ ಕಲಿತದ್ದು ಕಂಟೋನ್ಮೆಂಟಿನಲ್ಲಿ, ಒಬ್ಬ ಮುದುಕ ಉಸ್ತಾದರ ಕೈಕೆಳಗೆ. ರಿಪೇರಿಯಾದ ಪೆನ್ನನ್ನು ಬರೆದು ನೋಡದೆ ಗಿರಾಕಿಯ ಕೈಗೆ ಕೊಡಬಾರದು, ಬರೆದದ್ದನ್ನೂ ಜೊತೆಗೇ ಕೊಟ್ಟುಬಿಡಬೇಕು ಅನ್ನುವುದು ಉಸ್ತಾದರ ನಿಯಮ. ಎರ್ರೆಪ್ಪ ಅದನ್ನು ಒಂದು ದಿನವೂ ಬಿಟ್ಟವನಲ್ಲ. ಆ ಪೆನ್ನಿನಿಂದಲೇ ಚೀಟಿ ಬರೆದು, ಆ ಪೆನ್ನಿನಿಂದಲೇ ಸಹಿ ಹಾಕಿ, ಮಡಿಸಿ ಕೊಡುತ್ತಿದ್ದ. ಕುರುಗೋಡು, ಸಿರುಗುಪ್ಪದ ಕಡೆಯ ಹಳೇ ಮಾಸ್ತರುಗಳು ಆ ಚೀಟಿಗಳನ್ನು ಪುಸ್ತಕದ ನಡುವೆ ಇಟ್ಟುಕೊಂಡಿರುತ್ತಿದ್ದರು. ಉಸ್ತಾದರದು ಇನ್ನೊಂದು ನಿಯಮವಿತ್ತು: ಗಿರಾಕಿಯ ಎದುರು ಅವನ ಪೆನ್ನನ್ನು ಹಳಿಯಬಾರದು. ದವಾಖಾನೆಗೆ ಬಂದವನ ಜಾತಿ ಕೇಳುತ್ತಾರೇನು? ಹಂಗೇ ಇದು ಅಂತ ಎರ್ರೆಪ್ಪ ಹೇಳುತ್ತಿದ್ದ. ಒಳಗೊಳಗೆ ಅದು ಅವನಿಗೆ ದೊಡ್ಡ ಹೆಮ್ಮೆ.

"ಇದು ನಿಮ್ಗ ಎಲ್ಲಿ ಸಿಕ್ಕಿತು?" ಅಂತ ಕೇಳುವಾಗ ಅವನ ದನಿ ಇಳಿದಿತ್ತು.

ಪಂಪಾವತಿ ಹೇಳಿದಳು. ಕುರುಗೋಡಿನ ಮಲ್ಲಯ್ಯ ಮಾಸ್ತರು ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಕೂಲಿ ಮಾಡುವವರ ಮನೆಯ ಹುಡುಗಿ ಟೀಚರಾದದ್ದು ಅವರಿಂದ. ಅವರಿಗೆ ಎಂಬತ್ತು ತುಂಬಿದಾಗ ಹಳೇ ವಿದ್ಯಾರ್ಥಿಗಳು ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡರು. ಮಾಸ್ತರು ಪಾಠದ ನಡುವೆ ಎಷ್ಟೋ ಸಲ ಒಂದು ಜರ್ಮನಿ ಪೆನ್ನಿನ ಮಾತು ತೆಗೆಯುತ್ತಿದ್ದರು. ಯಾರದೋ ಕೈಯಲ್ಲಿ ಒಂದೇ ಸಲ ನೋಡಿದ್ದು, ಬಂಗಾರದ ನಿಬ್ಬಿನದು. ಅದನ್ನೇ ಕೊಡಿಸಬೇಕು ಅಂತ ಪಂಪಾವತಿ ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದಳು. ಫೋನಿನಲ್ಲಿ ಹುಡುಕಿದಾಗ ಒಂದು ಕಡೆ ಅರ್ಧ ಬೆಲೆಗೇ ಸಿಕ್ಕಿತು.

"ಅರ್ಧ ರೇಟು ಅಂದಾಗ್ಲೆ ಅನುಮಾನ ಬರಬೇಕಿತ್ತು" ಅಂತ ಎರ್ರೆಪ್ಪ ನಡುವೆಯೇ ಗುಡುಗಿದ. ಬೈಯುವುದಕ್ಕೆ ಏನಾದರೂ ಸಿಕ್ಕರೆ ಸಾಕಾಗಿತ್ತು ಅವನಿಗೆ. "ಅಂಥಾ ಪೆನ್ನು ಅರ್ಧಕ್ಕ ಕೊಡಾಕ ಅವ್ನೇನು ನಿಮ್ಮ ಸೋದರ ಮಾವ ಏನು? ಬಿಲ್ಲು ಕೇಳಿದ್ರೇನು? ಗ್ಯಾರಂಟಿ ಕಾರ್ಡಿನ ಮ್ಯಾಲೆ ಅಂಗಡಿ ಮುದ್ರಿ ಇತ್ತೇನು? ಇವತ್ತಿನ ಪೇಪರಿನ ಮ್ಯಾಲೆ ಪೆನ್ನು ಇಟ್ಟು ಫೋಟೋ ಕಳ್ಸು ಅಂತ ಕೇಳಿದ್ರ, ಕಳ್ಳ ಇದ್ದಾಂವ ಅಲ್ಲೇ ಸಿಕ್ಕಿ ಬೀಳ್ತಾನ. ಕಂಪನಿಯವ್ರಿಗೆ ಒಂದು ಫೋನ್ ಮಾಡಿ, ಈ ನಂಬರಿನ ಪೆನ್ನು ನಿಮ್ದೇನ್ರಿ ಅಂತ ಕೇಳಾಕ ಏನಾಗಿತ್ತು? ಓದಿದವ್ರು ನೀವು!"

"ಯಾಕ ಕೇಳ್ಲಿ?" ಪಂಪಾವತಿಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯೇ. "ಯಾಕ ಕೇಳ್ಲಿ ಹೇಳ್ರಿ? ಫೋಟೋದಾಗ ಪೆನ್ನಿನ ಪಕ್ಕ ನಿಮ್ಮ ಚೀಟಿ ಇತ್ತು. 'ಬಳ್ಳಾರಿ ಎರ್ರೆಪ್ಪ ಪರೀಕ್ಷೆ ಮಾಡಿದ ಅಸಲಿ ಪೆನ್ನು' ಅಂತ ಬರದಿದ್ರು. ಎರ್ರೆಪ್ಪ ಸಹಿ ಹಾಕಿದ್ರ ಮುಗೀತು, ಮತ್ತ ನೋಡಂಗಿಲ್ಲ ಅಂತ ನಮ್ಮ ಮಾಸ್ತರು ಹೇಳಿದ್ದನ್ನ ಸಣ್ಣಾಕಿದ್ದಾಗಿಂದ ಕೇಳೀನಿ. ಅದಕ್ಕ ತಗಂಡೆ."

ಎರ್ರೆಪ್ಪ ಚೀಟಿಯನ್ನು ಇನ್ನೊಮ್ಮೆ ಓದಿದ.

ಪೆನ್ನು ಬಂದ ದಿನವೇ ತೆರೆದು ಶಾಯಿ ಹಾಕಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತೋ ಏನೋ. ಆದರೆ ಅವಳ ಮನೆಯಲ್ಲಿ ಹಾಗೆ ಮಾಡುವುದಿಲ್ಲ. ಗುರುಗಳಿಗೆ ಕೊಡುವ ಪೆನ್ನಿನಿಂದ ತಾನು ಮೊದಲು ಬರೆದರೆ ಅದು ಎಂಜಲು ಮಾಡಿ ಕೊಟ್ಟ ಹಾಗೆ. ಡಬ್ಬಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು, ಮುಚ್ಚಳದ ಮೇಲೆ ಮಾಸ್ತರ ಹೆಸರು ಕೆತ್ತಿಸಿದಳು, ಸನ್ಮಾನದ ದಿನಕ್ಕೆ ಕಾದಳು. ಅಷ್ಟರಲ್ಲಿ ವಾಪಸು ಮಾಡುವ ದಿನಗಳು ಮುಗಿದಿದ್ದವು. ಹೆಸರು ಕೆತ್ತಿಸಿದ್ದನ್ನು ತಗೊಳ್ಳುವುದೂ ಇಲ್ಲವಂತೆ.

ಮಾಸ್ತರು ವೇದಿಕೆಯ ಮೇಲೆಯೇ ಶಾಯಿ ತುಂಬಿ, ಎಲ್ಲರಿಗೂ ತೋರಿಸಿ, 'ಪಂಪಾವತಿ' ಅಂತ ಬರೆದರು. ನಿಬ್ಬು ನೀರು ಹರಿದಂತೆ ಓಡಿತು, ಜನ ಚಪ್ಪಾಳೆ ತಟ್ಟಿದರು. ಮುಚ್ಚಳ ಹಾಕಿ ತಿರುಗಿಸುವಾಗ ಪೆನ್ನಿನ ಕುತ್ತಿಗೆಯೇ ಸೀಳಿ, ಶಾಯಿಯೆಲ್ಲ ಅವರ ಬಿಳಿ ಅಂಗಿಯ ಮೇಲೆ ಇಳಿಯಿತು. ಬಂಗಾರದ ಬಣ್ಣ ಬೆರಳಿಗೆ ಅಂಟಿತ್ತು. ಮುಂದಿನ ಸಾಲಿನಲ್ಲಿ ಯಾರೋ 'ಡೂಪ್ಲಿಕೇಟು' ಅಂತ ನಕ್ಕರು.

"ಮಾಸ್ತರು ಏನಂದ್ರು ಗೊತ್ತೇನ್ರಿ? 'ಇಲ್ಲವ್ವಾ, ನಾನ ಜೋರಾಗಿ ತಿರುವಿದೆ, ಪೆನ್ನು ಅಸಲಿನೇ ಐತಿ' ಅಂದ್ರು. ನನ್ನ ಒಂದು ತಪ್ಪು ಕೊಂಬು ಬಿಟ್ಟಾವ್ರಲ್ಲ ಅವ್ರು. ನನ್ನ ಸಲುವಾಗಿ ಅಷ್ಟು ಜನರ ಮುಂದ ಸುಳ್ಳು ಹೇಳಿದ್ರು. ಯಾರ್ರಿ ಇದಕ್ಕ ಹೊಣಿ?"

ಎರ್ರೆಪ್ಪ ಅಯಸ್ಕಾಂತ ತೆಗೆದು ನಿಬ್ಬಿನ ಹತ್ತಿರ ತಂದ. ಟಪ್ಪನೆ ಅಂಟಿತು. ಬಂಗಾರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಇದು ಬಣ್ಣ ಬಳಿದ ಸ್ಟೀಲು. ಆದರೆ ಆ ಪರೀಕ್ಷೆ ಬರೀ ಅವಳಿಗೆ ತೋರಿಸುವುದಕ್ಕೆ. ಅಯಸ್ಕಾಂತ ಬೇಕಾಗಿರಲಿಲ್ಲ ಅವನಿಗೆ. ನಿಬ್ಬಿನ ತುದಿಯ ಎಡಗಡೆ ಉಜ್ಜಿದ ಆ ಸಣ್ಣ ಗುರುತು ಅವನ ಕೈಯದು. ಈ ಪೆನ್ನು ತಂದುಕೊಟ್ಟವನು ಯಾರು ಅಂತಲೂ ಗೊತ್ತಿತ್ತು. "ನಾಳೆ ಬರ್ರಿ" ಅಂದು ಗೂಡಿಗೆ ಬೀಗ ಹಾಕಿ, ಸಿರುಗುಪ್ಪದ ಬಸ್ಸು ಹತ್ತಿದ.

ಸಿರುಗುಪ್ಪದಲ್ಲಿ ಅವನ ತಂಗಿ ಎಲ್ಲಮ್ಮನ ಮನೆ. ಅವಳ ಮಗ ಮಾರೇಶ, ಮೂವತ್ತೈದರ ಗಂಡಸು, ಒಂದೂವರೆ ವರ್ಷದಿಂದ ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ಪೆನ್ನು ತರುತ್ತಿದ್ದ. 'ಬೇರೆ ಊರಿನ ಗಿರಾಕಿಗಳದ್ದು ಮಾವಾ, ನಿಬ್ಬು ಕೆರೀತಾವ, ಸ್ವಲ್ಪ ನುಣ್ಣಗ ಮಾಡಿಕೊಡು' ಅನ್ನುತ್ತಿದ್ದ. ಎರ್ರೆಪ್ಪ ಮಾಡಿಕೊಡುತ್ತಿದ್ದ. ಒಂದೊಂದಕ್ಕೂ ಚೀಟಿ ಬರೆದು ಸಹಿ ಹಾಕುತ್ತಿದ್ದ. ಬಸ್ಸಿನಲ್ಲಿ ಕೂತು ಎರ್ರೆಪ್ಪ ಹಲ್ಲು ಕಡಿದ. ಪಕ್ಕದವನು ಎರಡು ಸಲ ಅವನ ಮುಖ ನೋಡಿ, ಆಮೇಲೆ ಎದ್ದು ಹಿಂದಿನ ಸೀಟಿಗೆ ಹೋದ.

ಮನೆಯ ಒಳಕೋಣೆಯಲ್ಲಿ ಮಾರೇಶ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪೆನ್ನಿಟ್ಟು, ಪಕ್ಕದಲ್ಲಿ ಎರ್ರೆಪ್ಪನ ಚೀಟಿ ನೇರ ಮಾಡಿ ಫೋಟೋ ತೆಗೆಯುತ್ತಿದ್ದ. ಗೋಡೆಯುದ್ದಕ್ಕೂ ಕರಿ ಡಬ್ಬಿಗಳು. ಎರ್ರೆಪ್ಪ ಹೋದವನೇ ಬಟ್ಟೆಯ ತುದಿ ಹಿಡಿದು ಜಗ್ಗಿದ. ಪೆನ್ನು, ಚೀಟಿ, ಫೋನು ಎಲ್ಲ ನೆಲಕ್ಕೆ ಬಿದ್ದವು.

"ಲೇ ಮಾರೇಶ! ಎಷ್ಟು ಮಂದೀಗೆ ನಾಮ ಹಾಕಿದ್ಯಲೇ ನನ್ನ ಹೆಸರಿನಾಗ? ಕಳ್ಳ ಸೂಳೇಮಗನ, ಹೊಟ್ಟಿಗೆ ಏನ್ ತಿಂತೀಯಲೇ ನೀನು?"

"ಅಣ್ಣಾ, ಚಾ ಕುಡುದು ಬೈಯಿ" ಅಂತ ಅಡುಗೆಮನೆಯಿಂದ ಎಲ್ಲಮ್ಮ ಓಡಿ ಬಂದಳು. ಅಣ್ಣನ ಸಿಟ್ಟು ಅವಳಿಗೆ ಹೊಸದಲ್ಲ. ಆದರೆ ಅವನ ಮುಖ ನೋಡಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ಎರ್ರೆಪ್ಪ ಬೈದ. ಕನ್ನಡದಲ್ಲಿ ಬೈದು, ಸಾಲದೆ ತೆಲುಗಿನಲ್ಲಿ ಬೈದ. ಮಲ್ಲಯ್ಯ ಮಾಸ್ತರ ಅಂಗಿಯ ಕತೆ ಹೇಳಿ ಮತ್ತೆ ಮೊದಲಿನಿಂದ ಬೈದ. ಮಾರೇಶ ತಲೆ ತಗ್ಗಿಸಿ ಕೇಳಿಸಿಕೊಂಡ. ಕಾಲಿಗೆ ಬೀಳುತ್ತಾನೆ ಅಂತ ಎರ್ರೆಪ್ಪ ಅಂದುಕೊಂಡಿದ್ದ. ಅವನು ಬೀಳಲಿಲ್ಲ. ನೆಲದ ಮೇಲಿನ ಪೆನ್ನು ಎತ್ತಿಕೊಂಡು ಅಂಗಿಗೆ ಒರೆಸಿದ.

"ಮುಗೀತೇನು ಮಾವಾ? ಈಗ ನನ್ನ ಒಂದು ಮಾತಿಗೆ ಜವಾಬು ಕೊಡು. ನಿನಗ ಗೊತ್ತಿರಲಿಲ್ಲೇನು?"

"ಏನಲೇ?"

"ಇವು ಡೂಪ್ಲಿಕೇಟು ಅಂತ. ನಾನು ಮೊದ್ಲನೇ ಸಲ ತಂದಾಗ ಮುಚ್ಚಳ ತಿರುವಿ ನೋಡ್ದಿ, ನಿಬ್ಬು ನೋಡ್ದಿ, ನನ್ನ ಮಕ ನೋಡ್ದಿ. ಒಂದ್ ಮಾತು ಆಡ್ಲಿಲ್ಲ. ಒಂದೂವರಿ ವರ್ಷ ಆಡ್ಲಿಲ್ಲ. ಈ ನಿಬ್ಬು ಬಂದಂಗ ಬಿಟ್ರ ಕಾಗದ ಹರಿಯೋವು, ತಗಂಡ ಮಂದಿ ಅವತ್ತೇ ತಿರುಗಿ ಕಳಿಸ್ತಿದ್ರು. ಇವನ್ನ ಅಸಲಿಯಂಗ ಓಡೋಹಂಗ ಮಾಡಿದಾವ್ರು ಯಾರು? ನಾನ ಮಾಡೀನೇನು?"

ಎರ್ರೆಪ್ಪನಿಗೆ ಕೈ ಎತ್ತಿ ಹೊಡೆಯಬೇಕು ಅನ್ನಿಸಿತು. ಎತ್ತಿದ್ದ ಕೈ ಹಾಗೇ ಇಳಿಯಿತು. ಹುಡುಗ ಹೇಳಿದ್ದು ನಿಜ. ಮೊದಲ ದಿನವೇ ಗೊತ್ತಾಗಿತ್ತು. ಮುಚ್ಚಳದ ಬಳೆಯ ಮೇಲಿನ ಅಕ್ಷರ ಮಸುಕು, ಕ್ಲಿಪ್ಪಿನ ಅಡಿ ನಂಬರಿಲ್ಲ, ಕೈಯಲ್ಲಿ ಹಿಡಿದರೆ ತೂಕವಿಲ್ಲ. ಮೂವತ್ತೊಂಬತ್ತು ವರ್ಷ ಪೆನ್ನು ಬಿಚ್ಚಿದವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆದರೆ ಗೂಡಿಗೆ ಜನ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ನಿಬ್ಬು ನುಣ್ಣಗೆ ಮಾಡುವ ಉಜ್ಜುಗಲ್ಲು ವಾರಗಟ್ಟಲೆ ಒದ್ದೆಯಾಗುತ್ತಿರಲಿಲ್ಲ. ಮಾರೇಶ ತಂದ ಇಪ್ಪತ್ತು ಪೆನ್ನು ಸಾಲಾಗಿ ಮುಂದಿದ್ದಾಗ ಅವನ ಬೆರಳುಗಳಿಗೆ ಜೀವ ಬಂದಿತ್ತು. ಕೆಲಸದ ಖುಷಿಗೆ ಅವನು ಕಣ್ಣು ಮುಚ್ಚಿಕೊಂಡ. ಗಿರಾಕಿಯ ಪೆನ್ನು ಹಳಿಯಬಾರದು ಅಂತ ಉಸ್ತಾದರ ಹೆಸರು ಹೇಳಿಕೊಂಡು ತನಗೆ ತಾನೇ ಸುಳ್ಳು ಹೇಳಿಕೊಂಡ. ಥೂ ನನ್ನ ಜನ್ಮಕ್ಕಿಷ್ಟು ಅಂತ ಅವನಿಗೆ ಅನ್ನಿಸಿತು, ಆ ಸಿಟ್ಟು ಮಾರೇಶನ ಮೇಲಿನದ್ದಕ್ಕಿಂತ ಹತ್ತು ಪಟ್ಟು ದೊಡ್ಡದು.

"ಪೊಲೀಸರ ಹತ್ರ ಹೋಗ್ತೀನಿ" ಅಂದ.

ಮಾರೇಶ ನಕ್ಕ. "ಹೋಗು. ನನ್ನ ಹೆಸರು ಎಲ್ಲೈತಿ? ಚೀಟಿ ಮ್ಯಾಲಿರೋದು ನಿಂದು. ನಲವತ್ತು ವರ್ಷದ ಹೆಸರು ಒಂದ ದಿನಕ್ಕ ಮಣ್ಣಾಗ ಹೋಗ್ತೈತಿ, ನೋಡ್ಕೋ."

"ಅಣ್ಣಾ, ಮನಿ ಮಾತು ಮನ್ಯಾಗ ಮುಗಸೋಣು" ಅಂತ ಎಲ್ಲಮ್ಮ ಅಳತೊಡಗಿದಳು. "ನಿನ್ನ ಹೆಸರೂ ಉಳೀತೈತಿ, ನನ್ನ ಮಗನೂ ಉಳೀತಾನ. ಆ ಟೀಚರಮ್ಮಗ ಇನ್ನೊಂದು ಪೆನ್ನು ಕೊಡಸಿದ್ರಾತು."

"ಪೆನ್ನು ಕೊಡಸ್ತೀ. ಆ ಮುದುಕನ ಕೈಲೆ ಹೇಳಿಸಿದ ಸುಳ್ಳು ಹ್ಯಾಂಗ ವಾಪಸ್ ತಗೀತೀ ಎಲ್ಲಮ್ಮ?" ಅಂದ ಎರ್ರೆಪ್ಪ. ಚಹಾ ಕುಡಿಯಲಿಲ್ಲ. ಬರುವಾಗ ಗೋಡೆಯ ಪಕ್ಕದ ಡಬ್ಬಿಗಳಲ್ಲಿ ಎರಡನ್ನು ಕಂಕುಳಲ್ಲಿ ಇಟ್ಟುಕೊಂಡ. ಮಾರೇಶ ತಡೆಯಲು ಬಂದವನು ಮಾವನ ಕಣ್ಣು ನೋಡಿ ಹಿಂದೆ ಸರಿದ.

ಮಾರನೇ ದಿನ ಹತ್ತು ಗಂಟೆಗೆ ಪಂಪಾವತಿ ಗೂಡಿನ ಹತ್ತಿರ ಬಂದಾಗ ಎರ್ರೆಪ್ಪ ಒಗೆದ ಅಂಗಿ ಹಾಕಿಕೊಂಡು ಹೊರಗೇ ನಿಂತಿದ್ದ. ನಡೆದದ್ದನ್ನೆಲ್ಲ ಹೇಳಿದ, ತನ್ನದೂ ಬಿಡದೆ. ಅವಳು "ನಿಮ್ಗ ಗೊತ್ತಿತ್ತು" ಅಂದಳು, ಅಷ್ಟೇ. ಇಬ್ಬರೂ ಪೊಲೀಸ್ ಠಾಣೆಗೆ ನಡೆದರು.

ಠಾಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಪೇದೆ ಪಂಪಾವತಿಯ ದೂರು ಬರೆದುಕೊಂಡ. ಆನ್‌ಲೈನ್ ಮೋಸವೆಂದರೆ ದಿನಕ್ಕೆ ಹತ್ತು ಬರುತ್ತಿರಬೇಕು, ತಲೆ ಎತ್ತದೆಯೇ ಕೇಳುತ್ತಿದ್ದ. ಡಬ್ಬಿಗಳನ್ನು ಒಂದು ಪಕ್ಕ ಇರಿಸಿಕೊಂಡು, "ಯಾರ ಮ್ಯಾಲೆ?" ಅಂದ.

"ಮಾರೇಶ, ಸಿರುಗುಪ್ಪ" ಅಂದಳು ಪಂಪಾವತಿ.

"ಇನ್ನೊಂದು ಹೆಸರು ಐತ್ರಿ" ಅಂದ ಎರ್ರೆಪ್ಪ.

ಪಂಪಾವತಿ ಅವನ ಕಡೆ ತಿರುಗಿದಳು. "ಬ್ಯಾಡ್ರಿ. ಸಾಕ್ಷಿ ಅಂತ ಬರಸ್ರಿ, ಸಾಕು."

"ಸುಮ್ಕಿರ್ರಿ ಟೀಚರಮ್ಮ!" ಎರ್ರೆಪ್ಪ ಗದರಿದ್ದಕ್ಕೆ ಠಾಣೆಯವರೆಲ್ಲ ತಿರುಗಿ ನೋಡಿದರು. "ನಿನ್ನೆ ನೀವ ಕೇಳಿದ್ರಿ, ಯಾರು ಹೊಣಿ ಅಂತ. ಕೇಳಿದ ಮ್ಯಾಲೆ ಜವಾಬು ಕೇಳಿಸ್ಕಬೇಕು." ಪೇದೆಯ ಕಡೆ ಬಾಗಿ ಬಿಡಿಬಿಡಿಯಾಗಿ ಹೇಳಿದ: "ಬರ್ಕೋರಿ. ಎರ್ರೆಪ್ಪ. ಪೆನ್ನು ರಿಪೇರಿ, ಗಾಂಧಿನಗರ, ಬಳ್ಳಾರಿ. ಡೂಪ್ಲಿಕೇಟ್ ಮಾಲು ಅಂತ ಗೊತ್ತಿದ್ದೂ ತಿದ್ದಿ ಕೊಟ್ಟಾನ."

ಪೇದೆ ಟೈಪು ಮಾಡಿಕೊಂಡ. "ಈ ಆಸಾಮಿ ಈಗ ಎಲ್ಲಿ ಸಿಗ್ತಾನ?"

"ನಿಮ್ಮ ಮುಂದ ನಿಂತೀನ್ರಿ" ಅಂದ ಎರ್ರೆಪ್ಪ.