ಜೆರ್ಟಿಬಾಯಿಯ ಹೊಗೆಮಡಕೆ

ಅಲೆವೂರಿನ ಮದುವೆಮನೆಯ ಹಿತ್ತಲಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಚಪ್ಪರದ ತೆಂಗಿನ ಮಡಲಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಬಚ್ಚಲಿನ ಗೋಡೆಯ ಪಕ್ಕ ಮೂರು ಕಲ್ಲು ಹೂಡಿ, ನಡುವೆ ತೆಂಗಿನ ಕರಟ ಸುಟ್ಟು ಕೆಂಡ ಮಾಡಿಕೊಂಡು ಜೆರ್ಟ್ರೂಡ್ ಮಥಾಯಸ್, ಊರವರಿಗೆಲ್ಲ ಜೆರ್ಟಿಬಾಯಿ, ಕೂತಿದ್ದಾರೆ. ಕೂತಿದ್ದಾರೆ ಎಂದರೂ ತಪ್ಪಾಗುತ್ತದೆ. ಏಳುತ್ತಾರೆ, ಸೆರಗಿನ ತುದಿ ಎತ್ತಿ ಹಿಡಿದು ಗಾಳಿ ಎತ್ತಲಿನದೆಂದು ನೋಡುತ್ತಾರೆ, ಒಂದು ಕಲ್ಲನ್ನು ಕಾಲಿನಿಂದಲೇ ಸರಿಸುತ್ತಾರೆ, ಮತ್ತೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅರವತ್ತು ದಾಟಿದ ಹೆಂಗಸಿನ ಮಂಡಿಗೆ ಇಷ್ಟು ಕೆಲಸ ಯಾಕೆ ಎಂದು ನೋಡುವವರಿಗೇ ಆಯಾಸವಾಗುತ್ತದೆ.

"ಕೆಂಡ ಉರಿಯಬಾರದು. ಉರಿದರೆ ಹೊಗೆ ಇಲ್ಲ. ಆರಲೂಬಾರದು, ಆರಿದರೆ ನನಗೆ ಕೆಲಸವೇ ಇಲ್ಲ," ಎನ್ನುತ್ತಾರೆ. "ಇದು ತೊಟ್ಟಿಲಿನ ಮಗು ಇದ್ದ ಹಾಗೆ. ಮಲಗಿತು ಅಂತ ಆಚೆ ಹೋಗಲಿಕ್ಕೆ ಉಂಟಾ?"

ಕೆಂಡದ ಮೇಲೆ ಒಣಗಿದ ದಾಲ್ಚಿನ್ನಿ ಎಲೆ ಮುರಿದು ಹಾಕುತ್ತಾರೆ, ಒಂದು ಚಿಟಿಕೆ ಓಮ ಉದುರಿಸುತ್ತಾರೆ. ಹೊಗೆ ದಪ್ಪವಾಗಿ ಏಳುತ್ತಲೇ ಕಪ್ಪು ಮಣ್ಣಿನ ಮಡಕೆಯೊಂದನ್ನು ಕಲ್ಲುಗಳ ಮೇಲೆ ಬೋರಲು ಹಾಕುತ್ತಾರೆ. ಮಡಕೆ ಹೊಗೆ ಕುಡಿಯಲು ಶುರುಮಾಡುತ್ತದೆ.

ನಾಳೆ ಈ ಮನೆಯ ಪ್ಯಾಟ್ರಿಶಿಯಾಳ ಮದುವೆ. ಇವತ್ತು ರೋಸ್, ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಹಾಲು ಹಚ್ಚಿದ ಹಿರಿಯರಿಗೆಲ್ಲ ಕರಟದ ಬಟ್ಟಲಿನಲ್ಲಿ ಒಂದೊಂದು ಗುಟುಕು ಕೊಡುವ ಪದ್ಧತಿ ಈ ಕಡೆಯ ಕೆಲವು ಕ್ರಿಸ್ತುವರ ಮನೆಗಳಲ್ಲಿ ಉಂಟು. ಬರಿಯ ಸಾರಾಯಿ ಅಲ್ಲ. ಹೊಗೆ ತುಂಬಿದ ಮಡಕೆಗೆ ಸಾರಾಯಿ ಹೊಯ್ದು, ಬಾಳೆಲೆಯಿಂದ ಬಾಯಿ ಕಟ್ಟಿ ಬಿಡಬೇಕು. ಆಮೇಲೆ ಪುನರ್ಪುಳಿಯ, ಅಂದರೆ ಮುರುಗಲ ಹಣ್ಣಿನ, ಸಿಪ್ಪೆ ನೆನೆಸಿದ ಕೆಂಪು ನೀರು, ಬೆಲ್ಲ, ಜಜ್ಜಿದ ಶುಂಠಿ, ದೊಡ್ಡಪತ್ರೆಯ ರಸ. ಬಾಯಿಗೆ ಬಿಟ್ಟರೆ ಮೊದಲು ಹುಳಿ, ಹಿಂದಿನಿಂದ ಸೊಪ್ಪಿನ ಘಾಟು, ನುಂಗಿದ ಮೇಲೆ ಎಷ್ಟೋ ಹೊತ್ತು ಹೊಗೆ. ಕಾರ್ಕಳದಿಂದ ಕಾಪುವಿನ ತನಕ ಇದಕ್ಕೆ ಬೇರೆ ಹೆಸರಿಲ್ಲ. "ರೋಸಿಗೆ ಜೆರ್ಟಿಬಾಯಿಯ ಹೊಗೆ ಉಂಟಾ?" ಎಂದೇ ಕೇಳುತ್ತಾರೆ.

ಜೆರ್ಟಿಬಾಯಿ ಹುಟ್ಟಿದ್ದು ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಘಟ್ಟದ ಬುಡದ ಬಜಗೋಳಿಗೆ. ಗಂಡ ಲೂಯಿಸ್ ಮರದ ಗಾಡಿ ಹೊಡೆಯುತ್ತಿದ್ದವರು. ದಿಮ್ಮಿ ಉರುಳಿ ಸೊಂಟ ಮುರಿದ ಮೇಲೆ ಜಗಲಿಯಲ್ಲೇ ಏಳೆಂಟು ವರ್ಷ ಮಲಗಿದ್ದು ತೀರಿಕೊಂಡರು. ಗದ್ದೆ ಕೆಲಸ, ಬೀಡಿ ಕಟ್ಟುವುದು, ಬಾಣಂತಿಯರನ್ನು ಮೀಯಿಸುವುದು, ಯಾವುದನ್ನೂ ಇವರು ಬಿಡಲಿಲ್ಲ. ಆದರೆ ತಮ್ಮದು ಎಂದು ಹೇಳಿಕೊಳ್ಳುವುದು ಈ ಮಡಕೆಯ ಕೆಲಸವನ್ನು ಮಾತ್ರ. ಅದು ಅತ್ತೆಯಿಂದ ಬಂದದ್ದು, ಮಡಕೆಯ ಸಮೇತ.

"ಅತ್ತೆ ನನಗೆ ಬಂಗಾರ ಕೊಡಲಿಲ್ಲ. ಇದ್ದರಲ್ಲವಾ ಕೊಡುವುದು? ಈ ಮಡಕೆ ಕೊಟ್ಟರು. ಇದರ ಮಣ್ಣಿನಲ್ಲಿ ಅವರ ಅಮ್ಮನ ಮಡಕೆಯ ಚೂರು ಉಂಟು ಅಂತ ಹೇಳುತ್ತಿದ್ದರು. ಕುಂಬಾರರು ಹಳೆಯ ಬೋಕಿ ಕುಟ್ಟಿ ಹಸಿ ಮಣ್ಣಿಗೆ ಬೆರೆಸುತ್ತಾರೆ ನೋಡಿ, ಬಿರುಕು ಬಿಡದ ಹಾಗೆ."

ಹೊಸ ಮಡಕೆ ಈ ಕೆಲಸಕ್ಕೆ ಬರುವುದಿಲ್ಲ. ಮಣ್ಣಿನ ವಾಸನೆ ಸಾರಾಯಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಹೊಗೆ ಕುಡಿದು ಒಳಮೈ ಹೊಳೆಯುವಂತಾದ ಮೇಲೆಯೇ ಅದು ಪಳಗುವುದು. ಜಿಲ್ಲೆಯಲ್ಲಿ ಪಾನನಿಷೇಧವಿದ್ದ ಅಷ್ಟೂ ವರ್ಷ ಜೆರ್ಟಿಬಾಯಿ ಮಡಕೆಗೆ ಒಂದು ಹನಿ ಸಾರಾಯಿ ಹೊಯ್ಯಲಿಲ್ಲ. ರೋಸಿಗೆ ಕರೆದವರಿಗೆ ಪುನರ್ಪುಳಿಯ ನೀರನ್ನೇ ಹೊಗೆ ಹಿಡಿಸಿ ಕೊಟ್ಟರು. ಕರೆ ಇಲ್ಲದಿದ್ದರೂ ಶನಿವಾರ ಶನಿವಾರ ಕೆಂಡ ಮಾಡಿ ಮಡಕೆ ಬೋರಲು ಹಾಕಿದರು. ಹೊಗೆ ಕಂಡು ಒಂದು ದಿನ ಪೊಲೀಸಿನವ ಗೇಟು ದಾಟಿ ಬಂದ ಕಥೆಯನ್ನು ಅವರು ಈಗಲೂ ನಗದೆಯೇ ಹೇಳುತ್ತಾರೆ.

"ಮಡಕೆ ಎತ್ತಿ ಮೂಗು ಒಳಗೆ ಹಾಕಿದ. 'ಎಂತ ಉಂಟು ಇದರಲ್ಲಿ?' ಅಂತ ಕೇಳಿದ. ಹೊಗೆ ಅಂದೆ. 'ಹೊಗೆ ಯಾರಿಗೆ?' ಮಡಕೆಗೆ ಅಂದೆ. ಕೆಮ್ಮುತ್ತಾ ಹೋದ, ಪಾಪ."

ಈಗ ನಿಷೇಧ ಎದ್ದಿದೆ. ಕ್ರಿಸ್ಮಸ್ ಕಳೆದು ಈಸ್ಟರಿಗೆ ಮುಂಚಿನ ಕೊರೆಜ್ಮದ ಉಪವಾಸ ಹಿಡಿಯುವ ಮೊದಲು ಹತ್ತು ಹನ್ನೆರಡು ಮನೆಗಳಿಂದ ಕರೆ ಬರುತ್ತದೆ. ಬಜಗೋಳಿಯಿಂದ ಕಾರ್ಕಳ, ಅಲ್ಲಿಂದ ಉಡುಪಿಯ ಬಸ್ಸು. ಮಡಕೆ ಯಾವಾಗಲೂ ಮಡಿಲಿನಲ್ಲಿ. ಕಂಡಕ್ಟರ್ ಗಣಪನಿಗೆ ಅದೊಂದು ತಮಾಷೆ. "ಇದಕ್ಕೆ ಅರ್ಧ ಟಿಕೆಟು ಯಾವಾಗ ತೆಗೆಯುತ್ತೀರಿ ಬಾಯಿ? ಹಲ್ಲು ಬಂತಲ್ಲ?" ಎಂದು ಪ್ರತಿ ಸಲವೂ ಕೇಳುತ್ತಾನಂತೆ.

ನಿಷೇಧ ಎದ್ದದ್ದರಿಂದ ಸುಖವೇ ಆಯಿತು ಎಂದೂ ಹೇಳುವಂತಿಲ್ಲ. ಮದುಮಗಳ ಅಣ್ಣ ಕಜೆಟನ್ ಉಡುಪಿಯಿಂದ ಬ್ರಾಂಡಿ ಬಾಟಲಿಗಳನ್ನು ತಂದು ಒಳಕೋಣೆಯಲ್ಲಿ ಸಾಲಾಗಿ ಇಟ್ಟಿದ್ದಾನೆ. ಹಿತ್ತಲಿಗೆ ಬಂದಾಗಲೆಲ್ಲ, "ಬಾಯಿ, ನಿಮಗೆ ಯಾಕೆ ಈ ಕಷ್ಟ? ಬಾಟಲಿಗೆ ಮುಚ್ಚಳ ತೆಗೆದರೆ ಆಯಿತು," ಎನ್ನುತ್ತಾನೆ. ಜೆರ್ಟಿಬಾಯಿ ಅವನ ಕಡೆ ನೋಡುವುದಿಲ್ಲ. "ತೆಗೆ ಮಗಾ. ನಾನು ಎಂತ ಬೇಡ ಅಂದೆನಾ?" ಎಂದು ಕೆಂಡ ಕೆದಕುತ್ತಾರೆ. ಅವನು ಹೋದ ಮೇಲೆ ಎರಡು ಸಲ ಎದ್ದು ಕೂರುತ್ತಾರೆ.

ದೊಡ್ಡಪತ್ರೆಯನ್ನು ಇಬ್ಬನಿ ಇರುವಾಗಲೇ ಕೊಯ್ಯಬೇಕು. ಬಿಸಿಲು ತಾಗಿದರೆ ರಸ ಕಹಿ ತಿರುಗುತ್ತದೆ ಎಂದು ಅವರ ನಂಬಿಕೆ. ಬಾವಿಕಟ್ಟೆಯ ಹತ್ತಿರ ಒಳ್ಳೆಯ ಬುಡ ಇದೆ. ಮಡಕೆಯನ್ನು ಮುಟ್ಟಿ ನೋಡಿ, ಸೆರಗು ಸಿಕ್ಕಿಸಿಕೊಂಡು ಆ ಕಡೆ ನಡೆಯುತ್ತಾರೆ.

ಅಷ್ಟರಲ್ಲಿ ಮದುಮಗಳ ಚಿಕ್ಕಪ್ಪ ಡೊಮಿನಿಕ್ ಮುಖ ತೊಳೆಯಲು ಹಿತ್ತಲಿಗೆ ಬರುತ್ತಾರೆ. ಒಳ್ಳೆಯ ಮನುಷ್ಯ, ಯಾರದೇ ಮನೆಯ ಕೆಲಸಕ್ಕೂ ಮೊದಲು ಕೈಹಾಕುವವರು. ಮಡಕೆಯ ಅಡಿಯಲ್ಲಿ ಹೊಗೆ ತೆಳುವಾಗಿರುವುದು ಕಾಣುತ್ತದೆ. ಬಚ್ಚಲೊಲೆಗೆಂದು ಗೋಣಿಯಲ್ಲಿ ತಂದಿಟ್ಟ ಗೇರುಬೀಜದ ಸಿಪ್ಪೆ ಪಕ್ಕದಲ್ಲೇ ಉಂಟು. ಊರಿನ ಬಚ್ಚಲುಗಳಲ್ಲೆಲ್ಲ ನೀರು ಕಾಯುವುದು ಅದರಿಂದಲೇ. ಎರಡು ಬೊಗಸೆ ತೆಗೆದು ಕೆಂಡಕ್ಕೆ ಹಾಕುತ್ತಾರೆ. ಹೊಗೆ ಕರ್ರಗೆ ಏಳುತ್ತದೆ. ತೃಪ್ತಿಯಿಂದ ಮುಖ ತೊಳೆಯಲು ಹೋಗುತ್ತಾರೆ.

ಜೆರ್ಟಿಬಾಯಿಗೆ ವಾಸನೆ ಬಾವಿಕಟ್ಟೆಯಲ್ಲೇ ತಾಗುತ್ತದೆ. ಸೊಪ್ಪು ಅಲ್ಲೇ ಬಿಟ್ಟು ಓಡಿಬರುತ್ತಾರೆ. ಬರಿಗೈಯಲ್ಲೇ ಮಡಕೆ ಎತ್ತಿ ಆಚೆ ಇಡುತ್ತಾರೆ. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಇದು ಬೀಜ ಸುಲಿಯುವ ಹೆಂಗಸರ ಬೆರಳು ಕಂಡವರಿಗೆಲ್ಲ ಗೊತ್ತು. ಅದರ ಹೊಗೆಯಲ್ಲೂ ಎಣ್ಣೆ ಇರುತ್ತದೆ.

"ಯಾರು ಹಾಕಿದ್ದು?"

"ನಾನೇ ಬಾಯಿ, ಹೊಗೆ ಸಾಲದು ಅಂತ..." ಡೊಮಿನಿಕ್ ಟವೆಲು ಹಿಡಿದು ನಿಲ್ಲುತ್ತಾರೆ. "ತೊಳೆದರೆ ಆಯಿತಲ್ಲ? ಸೀಗೆಪುಡಿ ತರುತ್ತೇನೆ."

"ನೀವು ಸುಮ್ಮನೆ ಇರಿ ಡೊಮಿನಿಕ್. ಹೊಟ್ಟೆ ತೊಳೆಯಲಿಕ್ಕೆ ಆಗುತ್ತದಾ? ಅದು ಕುಡಿದುಬಿಟ್ಟಿದೆ."

ಆದರೂ ಅವರು ಬಿಡುವುದಿಲ್ಲ. ಬಿಸಿನೀರು ಹೊಯ್ದು ತಿಕ್ಕುತ್ತಾರೆ. ಬೂದಿ ಹಾಕಿ ತಿಕ್ಕುತ್ತಾರೆ. ಮೂಸುತ್ತಾರೆ, ಅಂಗಳದ ತುದಿಗೆ ಹೋಗಿ ಮರಳಿ ಬರುತ್ತಾರೆ, ಮತ್ತೆ ಮೂಸುತ್ತಾರೆ. ಕೊನೆಗೆ ಬೆರಳನ್ನು ಒಳಮೈಗೆ ಒತ್ತಿ ತುಟಿಗೆ ಸವರಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕೆಳತುಟಿ ಕೆಂಪಾಗಿ ಊದಿಕೊಳ್ಳುತ್ತದೆ.

ಕಜೆಟನ್ ಜಗಲಿಯಿಂದ ಇಳಿದು ಬಂದಿದ್ದಾನೆ. ಈ ಸಲ ಅವನ ದನಿಯಲ್ಲಿ ತಮಾಷೆ ಇಲ್ಲ. "ಬಾಯಿ, ಬೇಸರ ಮಾಡಬೇಡಿ. ಬ್ರಾಂಡಿ ಉಂಟಲ್ಲ. ಯಾರೂ ಏನೂ ಹೇಳುವುದಿಲ್ಲ."

"ಅದೇ ಅಲ್ವಾ ನನ್ನ ಹೆದರಿಕೆ," ಎನ್ನುತ್ತಾರೆ ಜೆರ್ಟಿಬಾಯಿ. "ಯಾರೂ ಏನೂ ಹೇಳುವುದಿಲ್ಲ. ಮುಂದಿನ ಮದುವೆಯಲ್ಲಿ ಕೇಳುವುದೂ ಇಲ್ಲ."

ಮಡಕೆ ಇನ್ನೊಬ್ಬರ ಕೈಗೆ ಸಿಕ್ಕಿ, ಗೊತ್ತಿಲ್ಲದೆ ಯಾರಾದರೂ ನೀರು ಕುಡಿದಾರು ಎಂದು ಅವರು ಅದನ್ನು ಹಾಗೇ ಬಿಡುವಂತಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋಣಿ ಹಾಸಿ, ಅದರಲ್ಲೇ ಮಡಕೆಯನ್ನು ಸುತ್ತುತ್ತಾರೆ. ಗುಂಡುಕಲ್ಲಿನಿಂದ ಒಂದೇ ಪೆಟ್ಟು. ಸದ್ದು ದೊಡ್ಡದಾಗಿ ಕೇಳುವುದಿಲ್ಲ. ಡೊಮಿನಿಕ್ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಜೆರ್ಟಿಬಾಯಿ ಚೂರುಗಳನ್ನು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಕೈ ತೊಳೆದು, ಹೊಸ ಕರಟ ಕೇಳುತ್ತಾರೆ.

ಮಡಕೆ ಇಲ್ಲದಿದ್ದರೆ ಬಟ್ಟಲಿಗೇ ಹೊಗೆ. ಒಬ್ಬೊಬ್ಬರ ಬಟ್ಟಲನ್ನೂ ಕೆಂಡದ ಮೇಲೆ ಬೋರಲು ಹಿಡಿದು, ಹೊಗೆ ಹಾರಿಹೋಗುವ ಮೊದಲು ತಿರುಗಿಸಿ ತುಂಬಿ ಕೊಡಬೇಕು. ಇದು ಸೋಮಾರಿಗಳ ಕೆಲಸ ಎಂದು ಅತ್ತೆ ಬೈಯುತ್ತಿದ್ದರಂತೆ. ಸೋಮಾರಿಗಳು ಇದನ್ನು ಹೇಗೆ ಮಾಡಿಯಾರೋ ತಿಳಿಯದು. ತೆಂಗಿನ ಹಾಲಿನ ಶಾಸ್ತ್ರ ಶುರುವಾದಾಗಿನಿಂದ ಕೊನೆಯ ನೆಂಟರು ಏಳುವ ತನಕ ಜೆರ್ಟಿಬಾಯಿ ಒಂದು ಕಡೆ ನಿಂತದ್ದಿಲ್ಲ. ಹಿತ್ತಲಿನಿಂದ ಚಪ್ಪರಕ್ಕೆ, ಚಪ್ಪರದಿಂದ ಹಿತ್ತಲಿಗೆ. ಬೆರಳ ತುದಿಗಳು ಸುಟ್ಟಿವೆ, ತುಟಿ ಊದಿದೆ. ಬಟ್ಟಲು ಒಯ್ದು ಕೊಡಲು ಡೊಮಿನಿಕ್ ನಿಂತಿದ್ದಾರೆ. ಕೇಳದೆ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ.

ಕಾಪುವಿನಿಂದ ಬಂದ ಮುದುಕಿ ವೆರೊನಿಕಾ, ಮದುಮಗಳ ಅಪ್ಪನ ಸೋದರತ್ತೆ, ಹಾಲು ಹಚ್ಚಿದ ಕೈ ಒರೆಸಿಕೊಂಡು ಬಟ್ಟಲು ತೆಗೆದುಕೊಳ್ಳುತ್ತಾರೆ. ಕಣ್ಣು ಸರಿಯಾಗಿ ಕಾಣದು. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ಜೆರ್ಟಿಬಾಯಿ ಚಪ್ಪರದ ಕಂಬ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಾರೆ. ಇಡೀ ದಿನದಲ್ಲಿ ಅವರು ಅಲ್ಲಾಡದೆ ನಿಂತದ್ದು ಇದೊಂದೇ ಸಲ.

"ಜೆರ್ಟಿ, ನಿನ್ನ ಹೊಗೆ ಎಳೆಯದಾಗಿದೆಯಲ್ಲ ಇವತ್ತು," ಎನ್ನುತ್ತಾರೆ ಮುದುಕಿ.

"ಹೌದು ಬಾಯಿ."

"ಇನ್ನೊಂದು ಸ್ವಲ್ಪ ಕೊಡು. ಹಲ್ಲಿಲ್ಲದವರಿಗೆ ಎಳೆಯದೇ ಒಳ್ಳೆಯದು."

ಚಪ್ಪರವೆಲ್ಲ ನಗುತ್ತದೆ. ಒಳಕೋಣೆಯ ಬಾಟಲಿಗಳೂ ಹಾಗೇ ಉಳಿಯಲಿಲ್ಲ, ಕಜೆಟನ್‌ನ ಸ್ನೇಹಿತರು ಅದನ್ನು ನೋಡಿಕೊಂಡರು. ಆದರೆ ಶಾಸ್ತ್ರದ ಗುಟುಕಿಗೆ ಯಾರೂ ಅದನ್ನು ಕೇಳಲಿಲ್ಲ.

ಮಧ್ಯಾಹ್ನ ತಿರುಗಿದ ಮೇಲೆ ಜೆರ್ಟಿಬಾಯಿ ಪರ್ಕಳದಲ್ಲಿ ಕಾರ್ಕಳದ ಬಸ್ಸು ಹತ್ತುತ್ತಾರೆ. ಕಾರ್ಕಳದ ಈಚೆ ಕುಂಬಾರ ಬೂಬ ಮೂಲ್ಯನ ಮನೆ ಉಂಟು. ಅವನು ಈ ವಾರವೇ ಮಣ್ಣು ಕಲಸುವವನಂತೆ. ಮಡಕೆ ಸುಡುವ ಗೂಡಿನ ಬೆಂಕಿಗೆ ಗೇರೆಣ್ಣೆ ನಿಲ್ಲುವುದಿಲ್ಲ, ಚೂರು ಕೊಡಿ, ಕುಟ್ಟಿ ಬೆರೆಸುತ್ತೇನೆ ಎಂದು ಅವನು ಹೇಳಿಯಾನು ಎಂಬ ಧೈರ್ಯ ಅವರಿಗಿದೆ. ಪಳಗಲು ಇನ್ನೊಂದು ವರ್ಷ ಬೇಕು. "ಅಷ್ಟು ದಿನ ಈ ಮಂಡಿ ಕುಕ್ಕರುಗಾಲಿಗೆ ಬಗ್ಗಿದರೆ ಸಾಕು. ಹೆಚ್ಚು ಎಂತದೂ ಬೇಡ," ಎನ್ನುತ್ತಾರೆ.

ಗಣಪ ಟಿಕೆಟಿನ ಕಟ್ಟು ಹಿಡಿದು ಸೀಟಿನ ಹತ್ತಿರ ಬರುತ್ತಾನೆ. ಮಡಿಲಿನಲ್ಲಿ ಮಡಕೆಯ ಬದಲು ಗಂಟು. ಅಲ್ಲಾಡಿದರೆ ಒಳಗಿನಿಂದ ಬೋಕಿಯ ಸದ್ದು. ಅವನಿಗೆ ಅರ್ಥವಾಗುತ್ತದೆ. ಆದರೂ ವರ್ಷಗಳ ಅಭ್ಯಾಸ, ಬಾಯಿ ತಡೆಯುವುದಿಲ್ಲ.

"ಇವತ್ತಾದರೂ ಅರ್ಧ ಟಿಕೆಟು ಕೊಡಲಾ ಬಾಯಿ?"

ಜೆರ್ಟಿಬಾಯಿ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಇವತ್ತು ಹುಟ್ಟಿದ್ದಕ್ಕೆ ಎಂತ ಟಿಕೆಟು ಮಾರಾಯ. ಬೂಬನ ಮನೆಯ ಹತ್ತಿರ ನಿಲ್ಲಿಸು."