ಪುಟದ ತಲೆಯಲ್ಲಿ ದೇವರ ಜಾಗ

ಮೆಲ್ಕಾರಿನ ನಮ್ಮ ವೆಬ್‌ಸೈಟ್ ಆಫೀಸಿನಲ್ಲಿ ಗಿರಾಕಿಗಳ ಅಂಗಡಿಗಳಿಗೆ ಒಬ್ಬೊಬ್ಬ ಒಂದೊಂದು ನಮೂನೆ ಪುಟ ಮಾಡ್ತಿದ್ದ. ಎಲ್ಲರಿಗೂ ಒಂದೇ ಅಚ್ಚು ಮಾಡುವ ಕೆಲಸ ಕಾಲೇಜು ಬಿಟ್ಟ ನನಗೆ ಬಿತ್ತು. ತಕರಾರು ಇದ್ದದ್ದು ಪುಟದ ತಲೆಯಲ್ಲಿ. ಮದುವೆ ಕಾಗದದ ಹಾಗೆ ಅಲ್ಲಿ ದೇವರ ಹೆಸರು ಬೇಕೇ ಬೇಕು. ಬ್ಯಾರಿ ಮುಸ್ಲಿಮರಿಗೆ ಒಂದು, ಜೈನರಿಗೆ ಇನ್ನೊಂದು.

"ಎಲ್ಲರಿಗೂ ಹೊಂದುವ ಅಚ್ಚು ಆಗದಿದ್ರೆ ನೀನು ವಾಪಸ್ ಕಾಲೇಜಿಗೆ ಹೋಗು ಮಾರಾಯ," ಅಂದ್ರು ಧಣಿ ಹಮೀದಾಕ.

ಹೆದರಿ ತಲೆಯಲ್ಲೊಂದು ಖಾಲಿ ಚೌಕ ಬಿಟ್ಟೆ, ಅವರವರ ದೇವರನ್ನು ಅವರವರೇ ತುಂಬಿಸ್ಲಿ ಅಂತ. ಎಲ್ಲರೂ ಒಪ್ಪಿದ್ರು. ಆಮೇಲೆ ಮೂಡಬಿದ್ರೆಯ ಪೈಂಟ್ ಅಂಗಡಿಯವರು ಪುಟ ಮಾಡಿಸ್ಲಿಕ್ಕೆ ಬಂದ್ರು.

"ನನಗೆ ದೇವರಲ್ಲಿ ನಂಬಿಕೆ ಇಲ್ಲ."

"ಹಾಗಾದ್ರೆ ಚೌಕವನ್ನೇ ತೆಗೆಯುವ," ಅಂದೆ.

"ತೆಗೆಯುವುದು ಯಾಕೆ? ನನ್ನ ಫೋಟೋ ಹಾಕು!"

ಹಾಕಿದೆ. ಅದನ್ನು ನೋಡಿ ಉಳಿದ ಗಿರಾಕಿಗಳೂ ಫೋಟೋ ಹಿಡ್ಕೊಂಡು ಬಂದ್ರು. ನನ್ನ ಅಚ್ಚು ಪಾಸಾಯ್ತು. ದೇವರು ಮಾತ್ರ ಪುಟದ ಅಡಿಗಿಳಿದು ಫೋನ್ ನಂಬ್ರದ ಪಕ್ಕ ಕೂತ.