ಬಾರಿಸುವ ಮುಂಚೆ ಒಂದು ಕೂಗು

ಗಿಟಾರಿನ ದಪ್ಪ ತಂತಿಯನ್ನು ನಾನು ಬಲವಾಗಿ ಮೀಟಿದ್ದೇ ತಡ, ಚಿನ್ನದ ಗಣಿಯೂರು ಊರಿಗಾಂನ ನಮ್ಮ ಕಾರ್ಮಿಕರ ಲೈನಿನ ಮನೆಗಳಲ್ಲೆಲ್ಲ ಪಾತ್ರೆಗಳು ಗಡಗಡನೆ ಅಲುಗಿದವು. ಮರುಕ್ಷಣವೇ ಹೊರಗೆ ಹೆಂಗಸರು ಓಡುವ ಸದ್ದು. ಗಣಿಯಾಳದಲ್ಲಿ ಬಂಡೆ ಸಿಡಿದಾಗ ನಮ್ಮಲ್ಲಿ ನೆಲ ಹೀಗೆಯೇ ನಡುಗುತ್ತದೆ, ಒಳಗಿರುವ ತಮ್ಮವರಿಗೆ ಏನಾಯಿತೋ ಎಂದು ಎಲ್ಲರೂ ಗಣಿಯ ಗೇಟಿಗೆ ಓಡುತ್ತಾರೆ. ಆದರೆ ಅಂದು ನಡುಗಿಸಿದ್ದು ನಾನು. ಬಂಗಾರಪೇಟೆಯಿಂದ ಬಾಡಿಗೆಗೆ ತಂದ ದೊಡ್ಡ ಸ್ಪೀಕರ್ ಇಟ್ಟುಕೊಂಡು, ಮನೆಯಲ್ಲೇ ನನ್ನ ಮೊದಲ ಹಾರ್ಡ್ ರಾಕ್ ಕ್ಯಾಸೆಟ್ ರೆಕಾರ್ಡ್ ಮಾಡುತ್ತಿದ್ದೆ.

"ಗಣಿ ಅಲ್ಲ, ನನ್ ಗಿಟಾರು!" ಎಂದು ಕೂಗುತ್ತಾ ಅವರ ಹಿಂದೆ ಓಡಿದೆ.

ಎಲ್ಲರಿಗಿಂತ ಮುಂದೆ ಓಡಿದ್ದವರು ಪಕ್ಕದ ಮನೆಯ ಮುನಿಯಮ್ಮ ದೊಡ್ಡಮ್ಮ. ಅವರ ಮಗ ಆಗ ಗಣಿಯೊಳಗಿದ್ದ. ಬೈಗುಳ ತಿನ್ನಲು ಸಿದ್ಧನಾಗಿ ನಿಂತೆ. ಅವರು ಏದುಸಿರು ನಿಲ್ಲುವವರೆಗೆ ನನ್ನ ತೋಳು ಹಿಡಿದುಕೊಂಡಿದ್ದು, "ಬಾರ್ಸು ಕಣ್ಲಾ, ಬ್ಯಾಡ ಅನ್ನಲ್ಲ. ಬಾರ್ಸೋಕ್ ಮುಂಚೆ ಒಂದ್ ಕೂಗು ಆಕು, ಸಾಕು" ಎಂದರು.

ಆ ಕ್ಯಾಸೆಟ್ಟಿನ ಪ್ರತಿ ಹಾಡೂ "ದೊಡ್ಡಮ್ಮಾ, ಬಾರ್ಸ್ತೀನಿ!" ಎಂಬ ನನ್ನ ಕೂಗಿನಿಂದಲೇ ಶುರುವಾಗುತ್ತದೆ. ಆ ಕೂಗನ್ನು ಕತ್ತರಿಸು ಎಂದವರ ಮಾತು ನಾನು ಕೇಳಲಿಲ್ಲ. ಗೋಡೆಯಾಚೆಯಿಂದ ಬಂದ "ಊಂ, ಬಾರ್ಸು" ಕೂಡ ಅದರಲ್ಲಿದೆ.